ಮುಸುರೆ ಮಹಾರಾಣಿ

ಫೆಬ್ರವರಿ ೩

ಪುಟ್ಟಿಗೆ,

ನೀನು ಕಳಿಸಿದ ಪಾತ್ರೆ ತೊಳೆಯುವ ಮೆಷಿನ್ ಬಂದು ತಲುಪಿತು. ಹೊತ್ತು ತಂದವರು ಹಾಲ್‌ನ ನಟ್ಟನಡುವೆ ಇಳಿಸಿ, ಸಹಿ ಹಾಕಿಸಿಕೊಂಡು ಹೋದರು. ಅಡುಗೆಮನೆಗೆ ಒಯ್ದು ನೋಡಿ, ಎಲ್ಲೂ ಹಿಡಿಸದೆ ಮತ್ತೆ ಅಲ್ಲಿಗೇ ತಂದಿಟ್ಟಿದ್ದಾಗಿದೆ. ಮಾವ ಅದರ ಮೇಲೆ ಕನ್ನಡಕ, ಮಾತ್ರೆ ಡಬ್ಬಿ, ಬಾಯಿಂದ ತೆಗೆದ ಹಲ್ಲಿನ ಸೆಟ್ಟು ಇಡಲು ಶುರು ಮಾಡಿದ್ದಾರೆ. ಹೌದು, ಹಲ್ಲಿನ ಸೆಟ್ಟು. ನೀನು ಕೈಯಾರೆ ದುಡಿದು ಕಳಿಸಿದ ಉಡುಗೊರೆಯ ಮೇಲೆ ಅದು ಇಡೀ ದಿನ ಹಲ್ಲು ಕಿರಿಯುತ್ತಾ ಕೂತಿರುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮನೆಯ ಫೋನಿಗೆ ಆರು ಕಿವಿ. ನಾನು ಮಾತಿಗೆ ಶುರು ಮಾಡಿದರೆ ಸಾಕು, ನಿನ್ನ ಭಾವ, ಮಾವ, ಮೈದುನ ಮೂವರೂ ಟಿವಿ ಸದ್ದು ಕಮ್ಮಿ ಮಾಡಿಕೊಂಡು ಕೂರುತ್ತಾರೆ. ಕಾಗದಕ್ಕಾದರೆ ಕಿವಿಯಿಲ್ಲ.

ನಮ್ಮ ಅಡುಗೆಮನೆಯನ್ನು ಕಟ್ಟಿಸಿದವರು ಅಡುಗೆ ಮಾಡುವವರಲ್ಲ, ತಿನ್ನುವವರು. ನೀನೇ ನೋಡಿದ್ದೀಯ, ಅದೊಂದು ಓಣಿ. ಈ ತುದಿಗೆ ಹಾಲ್ ಬಾಗಿಲು, ಆ ತುದಿಗೆ ಹಿತ್ತಲ ಬಾಗಿಲು, ಎರಡೂ ಒಳಕ್ಕೇ ತೆರೆದುಕೊಳ್ಳುತ್ತವೆ. ಒಂದು ಕಡೆ ಕಲ್ಲಿನ ಕಟ್ಟೆ, ಅದರ ಮೇಲೆ ಒಲೆ, ಸಿಂಕು. ಎದುರು ಗೋಡೆಯಲ್ಲಿ ಹಳೇ ಹೊಗೆಗೂಡು ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದೆ. ಮೆಷಿನ್ನನ್ನು ಹೊಗೆಗೂಡಿನ ಪಕ್ಕ ಇಟ್ಟರೆ ಹಿತ್ತಲ ಬಾಗಿಲು ತೆಗೆಯಲಾಗುವುದಿಲ್ಲ. ಒಲೆಯ ಎದುರಿಗಿಟ್ಟರೆ ಅದರ ಬಾಗಿಲು ಕೆಳಮುಖವಾಗಿ ತೆರೆದುಕೊಂಡು ದಾರಿಗೆ ಅಡ್ಡ ಬೀಳುತ್ತದೆ, ಒಲೆಯ ಮುಂದೆ ನಿಂತವಳು ಅಲ್ಲೇ ಬಂದಿ. ನಿನ್ನ ಭಾವ ಆ ಬಾಗಿಲನ್ನು ತೆರೆದು ಮುಚ್ಚಿ ನೋಡಿ, "ಇದೇ ಸರಿಯಾದ ಜಾಗ ಕಣೆ. ಅಡುಗೆ ಮುಗಿಯೋವರೆಗೂ ನೀನು ಆಚೆ ಬರೋ ಹಾಗೇ ಇಲ್ಲ" ಎಂದು ನಕ್ಕರು. ಮಿಕ್ಕವರಿಬ್ಬರೂ ನಕ್ಕರು. ಅವರ ಹಾಸ್ಯಕ್ಕೆ ಅವರೇ ಗಿರಾಕಿಗಳು.

ಉಳಿದದ್ದು ಕಟ್ಟೆಯ ಕೆಳಗಿನ ಜಾಗ. ನೀನು ಅಳತೆ ಕೇಳಿದಾಗ ನಾನು ಬರೆದಿದ್ದು ಅದರದ್ದೇ. ಟೇಪು ಮೈದುನನ ಪೆಟ್ಟಿಗೆಯಲ್ಲಿರುತ್ತದೆ, ಕೇಳಿದರೆ ನೂರೆಂಟು ಪ್ರಶ್ನೆ. ಹಾಗಾಗಿ ಅಮ್ಮ ಬಟ್ಟೆ ಅಳೆಯುತ್ತಿದ್ದ ಹಾಗೆ ಗೇಣು ಹಾಕಿದ್ದೆ. ಸರಿಯಾಗಿ ನಾಲ್ಕು ಗೇಣಿತ್ತು. ಈಗ ಅಲ್ಲಿನ ಮರದ ಬೀರು ಸರಿಸಿ ನೂಕಿ ನೋಡಿದರೆ ಮೆಷಿನ್ ಮೂರು ಬೆರಳಷ್ಟು ಎತ್ತರ ಹೆಚ್ಚು.

ಹಾಗಾಗಿ ಮೊದಲಿನಂತೆ ನಾನೇ ತೊಳೆಯುತ್ತಿದ್ದೇನೆ. ಇವರು ಮೂವರೂ ಉಂಡ ತಟ್ಟೆಯಲ್ಲೇ ಕೈ ತೊಳೆಯುತ್ತಾರೆ. ಮೈದುನ ಅದರಲ್ಲೇ ಸಿಗರೇಟು ಆರಿಸುತ್ತಾನೆ. ಮಾವ ಅಗಿದು ಉಗಿದ ನಾರು, ಮೈದುನನ ಬೂದಿ, ಕೈ ತೊಳೆದ ನೀರು ಎಲ್ಲ ಸೇರಿ ಒಂದು ತೆಳ್ಳನೆಯ ಬೂದು ಗಂಜಿಯಾಗಿರುತ್ತದೆ. ಅದನ್ನು ಬೆರಳಲ್ಲಿ ಬಳಿದು ತೆಗೆಯುವುದು ನಾನು. ನನಗೇನೋ ರೂಢಿಯಾಗಿದೆ. ನಿನ್ನ ಮೆಷಿನ್ನಿಗೆ ಇದನ್ನು ಕಂಡರೆ ವಾಂತಿಯಾದೀತು.

ನಾನು ಚೆನ್ನಾಗಿದ್ದೇನೆಂದು ಬರೆಯುವ ವಾಡಿಕೆಯಿದೆ. ಬರೆದಿದ್ದೇನೆ ಅಂದುಕೋ.

ನಿನ್ನ
ಅಕ್ಕ


ಫೆಬ್ರವರಿ ೧೪

ಅಕ್ಕ,

ನಾಲ್ಕು ಗೇಣೆಂದು ನೀನು ಬರೆದ ಕಾಗದವನ್ನೇ ಮುಂದಿಟ್ಟುಕೊಂಡು ಅಂಗಡಿಯಲ್ಲಿ ನಾನೂ ಗೇಣು ಹಾಕಿದೆ. ಅಂಗಡಿಯವನು ನನ್ನನ್ನು ಹುಚ್ಚಿಯ ಹಾಗೆ ನೋಡಿದ. ಮೆಷಿನ್ ನಾಲ್ಕು ಗೇಣಿಗಿಂತ ಕೂದಲೆಳೆಯಷ್ಟು ಕಮ್ಮಿಯೇ ಇತ್ತು. ನನ್ನ ಗೇಣೂ ನಿನ್ನ ಗೇಣೂ ಒಂದೇ ಅಲ್ವಾ? ಅಮ್ಮ ನಮ್ಮಿಬ್ಬರ ಕೈಯನ್ನು ಗೋಡೆಗೆ ಒತ್ತಿಸಿ, "ಒಂದೇ ಅಚ್ಚಿನ ರೊಟ್ಟಿಗಳು" ಅನ್ನುತ್ತಿದ್ದಳು. ಮೂರು ಬೆರಳು ಎಲ್ಲಿ ಹೋಯಿತು? ನಿನ್ನ ಕೈಗೆ ಏನಾಗಿದೆ?

ಮೆಷಿನ್ ವಾಪಸು ಕಳಿಸುವ ಮಾತು ಎತ್ತಬೇಡ. ಈ ಹಾಸ್ಟೆಲ್ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೋಣೆಯನ್ನು ಇಷ್ಟು ವರ್ಷ ನೋಡಿಕೊಂಡಿದ್ದೇನೆ, ಮೆಷಿನ್ ಹಿಡಿಸದ ಅಡುಗೆಮನೆ ನಾನು ಕಂಡಿಲ್ಲ. ಕಟ್ಟೆ ಮೂರು ಬೆರಳು ಎತ್ತಿಸು, ಇಲ್ಲವೇ ಒಬ್ಬ ಗಾರೆಯವನನ್ನು ಕರೆದು ಕೇಳು. ಒಂದು ಸಲ ಕೂರಿಸಿದರೆ ಆಯಿತು, ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ತೊಳೆಯುತ್ತದೆ. ಆಮೇಲೆ ಆ ವಾಸನೆ ಇರುವುದಿಲ್ಲ.

ತಟ್ಟೆಯಲ್ಲಿ ಸಿಗರೇಟು ಆರಿಸುವವನ ತಲೆಯ ಮೇಲೇ ಆ ತಟ್ಟೆ ಮಗುಚಬೇಕು. ನಿನಗೆ ಅಷ್ಟು ಧೈರ್ಯವಿಲ್ಲ, ಗೊತ್ತು.

ಇಂತಿ
ಪುಟ್ಟಿ


ಮಾರ್ಚ್ ೧

ಪುಟ್ಟಿ,

"ಆ ವಾಸನೆ" ಎಂದು ಬರೆದಿದ್ದೀಯ. ಯಾವ ವಾಸನೆ? ನನ್ನ ಕಾಗದದಲ್ಲಿ ನಾನು ವಾಸನೆಯ ಮಾತೇ ಎತ್ತಿರಲಿಲ್ಲ. ನಾಲ್ಕು ಸಲ ಓದಿ ನೋಡಿಕೊಂಡೆ.

ಸರಿ, ಎತ್ತಿದ್ದೀಯಲ್ಲ, ಪೂರ್ತಿ ಕೇಳು. ಮಾವ ಊಟಕ್ಕೆ ಕೂತರೆ ಮೊದಲು ಲೋಟ ಎತ್ತಿ ಮೂಸುತ್ತಾರೆ. ಹೊಳ್ಳೆ ಅರಳಿಸಿ ಮೂಸಿ, "ಹ್ಞೂಂ, ಇದೆ" ಎಂದು ನೀರು ಚೆಲ್ಲಿ ಲೋಟವನ್ನು ನನ್ನ ಕಡೆ ತಳ್ಳುತ್ತಾರೆ. ನಾನು ಮತ್ತೆ ತೊಳೆದು ತರುತ್ತೇನೆ. ಮದುವೆಯಾಗಿ ಬಂದ ವಾರದಿಂದ ಇದು ನಡೆದಿದೆ. ನಾನು ಬಡಿಸಲು ಬಂದರೆ ಮೈದುನ, "ಮುಸುರೆ ಮಹಾರಾಣಿ ಬಂದ್ರು, ದಾರಿ ಬಿಡಿ" ಅನ್ನುತ್ತಾನೆ. ನಿನ್ನ ಭಾವ ಬೈಯುವುದಿಲ್ಲ, ಅವರು ಒಳ್ಳೆಯವರಲ್ಲವಾ? "ಸ್ವಲ್ಪ ಚೊಕ್ಕಟ ಕಲಿ ಮಾರಾಯ್ತಿ, ತವರಲ್ಲಿ ಕಲಿಸಲಿಲ್ವಾ" ಎಂದು ಮೆತ್ತಗೆ ಹೇಳುತ್ತಾರೆ.

ವಾಸನೆ ಸುಳ್ಳಲ್ಲ. ಹಳಸಿದ ಅನ್ನದ್ದು, ಕೊಳೆತ ಜಿಡ್ಡಿನದ್ದು, ಇಲಿ ಸತ್ತಂಥದ್ದು. ಬಾಗಿಲು ಮುಚ್ಚಿದ್ದು ತೆಗೆದರೆ ಮುಖಕ್ಕೇ ಹೊಡೆಯುತ್ತದೆ. ಅದಕ್ಕೇ ಸೋಡಾಪುಡಿ ಹಾಕಿ, ಕುದಿನೀರು ಸುರಿದು ಉಜ್ಜುತ್ತೇನೆ. ಪಾತ್ರೆ, ಕಟ್ಟೆ, ನೆಲ, ಆಮೇಲೆ ನನ್ನ ಮೊಣಕೈವರೆಗೆ ನನ್ನನ್ನೇ. ಬೆರಳ ಸಂದುಗಳು ಬಿರಿದಿವೆ. ಕೈ ಪೂರ್ತಿ ಅಗಲಿಸಿದರೆ ರಕ್ತ ಬರುತ್ತದೆ. ನಿನ್ನ ಮೂರು ಬೆರಳು ಹೋಗಿದ್ದು ಅಲ್ಲಿಗೆ. ಇಷ್ಟಾದರೂ ವಾಸನೆ ಹೋಗದಿದ್ದರೆ ಏನಂದುಕೊಳ್ಳಬೇಕು? ನನ್ನ ಮೈಯಿಂದಲೇ ಬರುತ್ತಿದೆಯೇನೋ ಎಂದು ಸೀರೆ ಸೆರಗು ಮೂಸಿಕೊಳ್ಳುವ ಹೆಂಗಸಾಗಿದ್ದೇನೆ.

ಕಳೆದ ಸಲ ನೀನು ಬಂದಾಗ ನಾನು ನೀರು ಕೊಟ್ಟು ಆ ಕಡೆ ತಿರುಗಿದೆ. ಗೋಡೆಗೆ ಒರಗಿಸಿದ್ದ ದೊಡ್ಡ ತಟ್ಟೆಯಲ್ಲಿ ನಿನ್ನ ಬಿಂಬ ಕಂಡಿತು. ನೀನೂ ಲೋಟ ಮೂಸಿದೆ. ನೀರನ್ನು ಸಿಂಕಿಗೆ ಚೆಲ್ಲಿದೆ. ಸಂಜೆಯಾಗುವಷ್ಟರಲ್ಲಿ ನಿನ್ನ ಮಗುವಿಗೆ ಹೊಟ್ಟೆನೋವೆಂದು ಹೊರಟೇಬಿಟ್ಟೆ. ಆಮೇಲೆ ಈ ಮೆಷಿನ್ ಬಂತು. ಮನೆಯವರು ಸಾವಿರ ಅನ್ನಲಿ, ಅವರು ಅನ್ನುವುದೇ ಹಾಗೆ. ನೀನು ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳು.

ಹೇಳು ಪುಟ್ಟಿ, ನೀನು ಕಳಿಸಿದ್ದು ಉಡುಗೊರೆಯನ್ನೋ ಬೈಗುಳವನ್ನೋ?

ಅಕ್ಕ


ಮಾರ್ಚ್ ೨೨

ಅಕ್ಕ,

ಮೂಸಿದೆ. ಅಸಹ್ಯಪಟ್ಟೆ. ಅಕ್ಕ ಹೀಗಾಗಿಬಿಟ್ಟಳಲ್ಲ ಎಂದು ಬಸ್ಸಿನಲ್ಲಿ ಅತ್ತೆ. ಇಷ್ಟು ದಿನ ಬರೆಯದಿದ್ದದ್ದು ಇದನ್ನು ಬರೆಯಲಾಗದೆ.

ಆದರೆ ನಿನ್ನ ಕೈಯ ಕಥೆ ಓದಿದ ಮೇಲೆ ಲೆಕ್ಕ ತಾಳೆಯಾಗುತ್ತಿಲ್ಲ. ಅಷ್ಟು ಸೋಡಾದಲ್ಲಿ ಉಜ್ಜಿದ ಪಾತ್ರೆ ನಾರುವುದಕ್ಕೆ ಸಾಧ್ಯವೇ ಇಲ್ಲ. ಹಾಗಾದರೆ ನಾರುತ್ತಿರುವುದು ಪಾತ್ರೆಯಲ್ಲ. ಹೊಸ ಮೆಷಿನ್ ಕೂರಿಸುವಾಗ ನಾವು ಮೊದಲು ಕೇಳುವುದು ನೀರು ಎಲ್ಲಿಂದ ಬರುತ್ತದೆ ಎಂದಲ್ಲ, ಎಲ್ಲಿಗೆ ಹೋಗುತ್ತದೆ ಎಂದು. ನಿನ್ನ ಸಿಂಕಿನ ನೀರು ಎಲ್ಲಿಗೆ ಹೋಗುತ್ತದೆ? ಹಿತ್ತಲ ಮೋರಿಗೆ ಅನ್ನುತ್ತೀಯ. ನೋಡಿದ್ದೀಯಾ? ಒಂದು ಬಕೆಟ್ ನೀರಿಗೆ ಬೀಟ್‌ರೂಟ್ ಬೇಯಿಸಿದ ನೀರು ಬೆರೆಸಿ ಸಿಂಕಿಗೆ ಸುರಿ. ಆಮೇಲೆ ಮೋರಿಯ ಹತ್ತಿರ ಹೋಗಿ ನಿಲ್ಲು.

ಮಿಕ್ಕಿದ್ದು ಆಮೇಲೆ.

ಪುಟ್ಟಿ


ಏಪ್ರಿಲ್ ೯

ಪುಟ್ಟಿ,

ಸುರಿದೆ. ಒಂದಲ್ಲ, ಮೂರು ಬಕೆಟ್. ಮೋರಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕಾದೆ. ಬಚ್ಚಲಿನ ನೀರು ಬಂತು, ಸೋಪಿನ ನೊರೆ ಬಂತು, ಕೆಂಪು ನೀರು ಬರಲೇ ಇಲ್ಲ. ಒಂದು ತೊಟ್ಟೂ ಇಲ್ಲ.

ಅದಕ್ಕೆ ಮೊದಲೇ ಗಾರೆಯವನು ಬಂದು ನೋಡಿ ಹೋಗಿದ್ದ. "ಕಟ್ಟೆ ಎತ್ತೋದಕ್ಕಿಂತ ಅಲ್ಲಿ ನೆಲ ಮೂರು ಬೆರಳು ಇಳಿಸೋದು ಸಲೀಸು" ಎಂದಿದ್ದ. ಬೆಂಕಿ ಬಿದ್ದರೂ ಕುರ್ಚಿ ಬಿಟ್ಟೇಳದ ಮಾವ ಎದ್ದು ಅಡುಗೆಮನೆಗೆ ಬಂದರು. "ನೆಲ ಮುಟ್ಟಕೂಡದು" ಎಂದರು. ನಿನ್ನ ಭಾವನೂ, "ಬೇಡ ಬಿಡು, ಮೆಷಿನ್ ವಾಪಸ್ ಕಳಿಸೋಣ" ಎಂದರು. ಆಗ ನನಗೆ ಅರ್ಥವಾಗಿರಲಿಲ್ಲ. ಹಳೇ ನೆಲದ ಮೇಲೆ ಏನು ಪ್ರೀತಿಯಪ್ಪಾ ಅಂದುಕೊಂಡಿದ್ದೆ.

ಕೆಂಪು ನೀರು ಬಾರದ ಮರುದಿನ, ಮಾವನನ್ನು ಕಣ್ಣಿನ ಡಾಕ್ಟರ ಹತ್ತಿರ ಇಬ್ಬರು ಮಕ್ಕಳೂ ಕರೆದುಕೊಂಡು ಹೋದ ಮೇಲೆ, ಗಾರೆಯವನಿಗೂ ಪ್ಲಂಬರಿಗೂ ಹೇಳಿಕಳಿಸಿದೆ. ಕಟ್ಟೆಯ ಕೆಳಗಿನ ಮರದ ಬೀರು ಎಳೆದರು. ಗಾರೆಯವನು ನೆಲಕ್ಕೆ ಎರಡು ಏಟು ಹಾಕಿದ. ಟೊಳ್ಳು ಸದ್ದು ಬಂತು. ಹಾಸುಗಲ್ಲು ಎಬ್ಬಿಸಿದ.

ಹೇಗೆ ಬರೆಯಲಿ? ಕೆಳಗೊಂದು ಗುಂಡಿ. ಆಳು ಇಳಿಯುವಷ್ಟು ದೊಡ್ಡದು. ಅದರ ತುಂಬ ಕಪ್ಪು ಲೋಳೆ, ಮೇಲೆ ಬಿಳಿ ಕೆನೆ ಕಟ್ಟಿದೆ, ಕೆನೆಯ ಮೇಲೆ ನಾನು ಸುರಿದ ಬೀಟ್‌ರೂಟಿನ ಕೆಂಪು. ಕೆನೆ ಅಲ್ಲಲ್ಲಿ ಮಿಸುಕಾಡುತ್ತಿತ್ತು. ಹುಳು. ನಾನು ಮದುವೆಯಾಗಿ ಬಂದ ದಿನದಿಂದ ತೊಳೆದ ಮುಸುರೆಯೆಲ್ಲ ಅಲ್ಲೇ ಇದೆ ಪುಟ್ಟಿ, ನಾನು ನಿಂತು ಅಡುಗೆ ಮಾಡುವ ಕಾಲಡಿಯಲ್ಲಿ. ಸಿಂಕಿನ ಪೈಪು ಗೋಡೆ ದಾಟಿಯೇ ಇಲ್ಲ. ಗಾರೆಯವನು ಹಿತ್ತಲಿಗೆ ಓಡಿ ಕಾರಿಕೊಂಡ. ನಾನು ಅಲ್ಲೇ ಕಾರಿಕೊಂಡೆ.

ಪ್ಲಂಬರ್ ಮಾತ್ರ ಮೂಗಿಗೆ ಟವೆಲ್ ಕಟ್ಟಿಕೊಂಡು ಆರಾಮಾಗಿ ನಿಂತಿದ್ದ. "ಏನಮ್ಮಾ, ಇನ್ನೂ ಹಾಗೇ ಬಿಟ್ಟಿದೀರಾ ಇದನ್ನ?" ಎಂದ.

"ಇನ್ನೂ ಅಂದ್ರೆ?"

"ಅವತ್ತೇ ಯಜಮಾನ್ರಿಗೆ ತೋರಿಸಿದ್ನಲ್ಲ. ಸಿಂಕ್ ಕಟ್ಕೊಂಡಿತ್ತು, ನೀವು ಊರಲ್ಲಿರಲಿಲ್ಲ. ಪೈಪ್ ಆಚೆ ತಗೊಂಡು ಹೋಗ್ಬೇಕು ಅಂದ್ರೆ ಹಿತ್ತಲ ಬಂಡೆ ಒಡೀಬೇಕು, ದೊಡ್ಡ ರಂಪ. ಅದಕ್ಕೇ ದೊಡ್ಡ ಯಜಮಾನ್ರು ಕಟ್ಟಿಸೋವಾಗ್ಲೇ ಹಿಂಗೆ ಮಾಡ್ಸಿದ್ರಂತೆ. 'ಕಲ್ಲು ಮುಚ್ಚಿಬಿಡು, ಮನೆಯವಳಿಗೆ ಹೇಳ್ಬೇಡ, ಅಡುಗೆಮನೆ ಒಡ್ಸು ಅಂತ ಪ್ರಾಣ ತಿಂತಾಳೆ' ಅಂದ್ರು ನಿಮ್ಮನೆಯವ್ರು. ನಂಗ್ಯಾಕೆ ಊರ ಉಸಾಬರಿ ಅಂತ ಮುಚ್ಚಿ ಹೋದೆ."

ಹೇಳಿ ನಕ್ಕ ಕೂಡ. ನಾನು ಊರಲ್ಲಿರಲಿಲ್ಲ ಅಂದರೆ ಅಮ್ಮನ ಕೊನೆಯ ಕಾಯಿಲೆಗೆಂದು ನಿನ್ನ ಮನೆಯಲ್ಲಿದ್ದಾಗ. ಅಲ್ಲಿಂದ ವಾಪಸು ಬಂದ ದಿನವೂ ಮಾವ ಲೋಟ ಮೂಸಿದ್ದರು. ನಿನ್ನ ಭಾವ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದರು. ಕಾಲ ಕೆಳಗೆ ಏನಿದೆ ಎಂದು ಗೊತ್ತಿದ್ದೂ ನನಗೆ ಚೊಕ್ಕಟದ ಪಾಠ ಹೇಳಿದರು.

ಮೂವರೂ ಸಂಜೆ ಬಂದರು. ತೆರೆದ ಗುಂಡಿಯ ಅಂಚಿನಲ್ಲಿ ನಾನು ಸ್ಟೂಲು ಹಾಕಿಕೊಂಡು ಕೂತಿದ್ದೆ. ಮಾವನಿಗೆ ತಟಕ್ಕನೆ ಕಿವಿ ಕೇಳಿಸದಾಯಿತು. ಮೈದುನ ಮೂಗು ಮುಚ್ಚಿಕೊಂಡು ಹೊರಗೆ ಹೋದ. ನಿನ್ನ ಭಾವ, "ಥೂ, ಮುಚ್ಚೇ ಅದನ್ನ, ಅಕ್ಕಪಕ್ಕದವ್ರಿಗೆ ವಾಸನೆ ಹೋಗತ್ತೆ" ಎಂದರು. ಪುಟ್ಟಿ, ಅವರ ಬಾಯಿಂದ ಬಂದ ಮೊದಲ ಮಾತು ಅದು. ಗುಂಡಿಯನ್ನು ನೋಡಿ ಬಂದದ್ದಕ್ಕಿಂತ ಹೆಚ್ಚು ಹೇಸಿಗೆ ಆ ಮಾತು ಕೇಳಿ ಬಂತು.

ಅಕ್ಕ


ಏಪ್ರಿಲ್ ೨೮

ನಾದಿನಿಯವರಿಗೆ,

ಎಲ್ಲರೂ ಆರೋಗ್ಯವಾಗಿದ್ದೀರೆಂದು ಭಾವಿಸುತ್ತೇನೆ. ನೀವು ಪ್ರೀತಿಯಿಂದ ಕಳಿಸಿದ ಯಂತ್ರದಿಂದ ಮನೆಯಲ್ಲಿ ಅನವಶ್ಯಕ ಮನಸ್ತಾಪವಾಗಿದೆ. ನಿಮ್ಮ ಅಕ್ಕನಿಗೆ ನೀವಾದರೂ ನಾಲ್ಕು ಬುದ್ಧಿಮಾತು ಹೇಳಬೇಕು.

ಗುಂಡಿಯನ್ನು ಬಳಿಸಿ, ಮಣ್ಣು ತುಂಬಿಸಿ, ಬಂಡೆ ಒಡೆಸಿ, ಪೈಪನ್ನು ಮೋರಿಗೆ ಜೋಡಿಸಿದ್ದಾಗಿದೆ. ನೆಲವನ್ನು ಮೂರು ಬೆರಳು ಇಳಿಸಿ ಯಂತ್ರವನ್ನೂ ಕೂರಿಸಿದ್ದಾಗಿದೆ. ಇನ್ನೇನು ಬೇಕು? ನಿಮ್ಮ ಅಕ್ಕ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಎಲ್ಲರಿಗೂ ಬಡಿಸುತ್ತಾಳೆ, ತಾನು ಮಾತ್ರ ತನ್ನ ತಟ್ಟೆ ತೆಗೆದುಕೊಂಡು ಹಿತ್ತಲಲ್ಲಿ ಕೂತು ಉಣ್ಣುತ್ತಾಳೆ. ನಾನು ಕೋಣೆಗೆ ಹೋದರೆ ಎದ್ದು ಹೋಗಿ ಕಿಟಕಿ ತೆಗೆಯುತ್ತಾಳೆ.

ಇಷ್ಟಕ್ಕೂ ನಾನು ಹೇಳದೆ ಇದ್ದದ್ದು ಅವಳ ನೆಮ್ಮದಿಗಾಗಿಯೇ. ಹೇಳಿದ್ದರೆ ಅಸಹ್ಯಪಟ್ಟುಕೊಂಡು ಅಡುಗೆ ಮಾಡಬೇಕಾಗುತ್ತಿತ್ತು. ವಾಸನೆಯೇನೋ ಹೇಗೂ ಅಭ್ಯಾಸವಾಗಿತ್ತು. ಮುಂದಿನ ತಿಂಗಳು ತಮ್ಮನ ಮದುವೆಯ ಮಾತಿಗೆ ಹುಡುಗಿಯ ಕಡೆಯವರು ಮನೆ ನೋಡಲು ಬರುತ್ತಿದ್ದಾರೆ. ಅಷ್ಟರೊಳಗೆ ಸರಿಹೋದರೆ ಎಲ್ಲರಿಗೂ ಕ್ಷೇಮ.

ನಿಮ್ಮ
ಭಾವ


ಮೇ ೧೯

ಪುಟ್ಟಿ,

ನಿನ್ನ ಭಾವ ನಿನಗೆ ಬರೆದ ಕಾಗದವನ್ನು ನೀನು ನನಗೇ ಕಳಿಸಿಕೊಟ್ಟಿದ್ದು ಒಳ್ಳೆಯದಾಯಿತು. "ಅಭ್ಯಾಸವಾಗಿತ್ತು" ಎಂಬ ಮಾತಿನ ಕೆಳಗೆ ನೀನು ಎಳೆದ ಗೆರೆ ಕಾಗದವನ್ನೇ ಹರಿದಿದೆ. ನಿನ್ನ ಮನೆಗೆ ಬಂದುಬಿಡಲು ನೀನು ಬರೆದಿದ್ದೆ. ಬೇಡ, ಇದ್ದು ನೋಡೋಣ ಎಂದು ನಾನು ಅಂದುಕೊಂಡಿದ್ದೆ. ವಾಸನೆ ನಿಜವಾಗಿಯೂ ಹೋಗಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಅಡುಗೆಮನೆಯಲ್ಲಿ ಏನೂ ಇರುತ್ತಿರಲಿಲ್ಲ, ಬರೀ ಗಾಳಿ. ಮೆಷಿನ್ ಗುರ್ ಎನ್ನುತ್ತಾ ತನ್ನ ಪಾಡಿಗೆ ತೊಳೆಯುತ್ತಿತ್ತು. ನಾನು ಮುಂದೆ ಕೂತು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ತಪ್ಪಾಯಿತೆಂದು ಒಂದು ಮಾತು ಬಂದಿದ್ದರೆ ಇದ್ದುಬಿಡುತ್ತಿದ್ದೆನೋ ಏನೋ.

ನಿನ್ನೆ ಆ ಹುಡುಗಿ ಬಂದಳು, ಜೊತೆಗೆ ಅವಳ ತಾಯಿ. ಹುಡುಗಿ ಯಾವುದೋ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ನೇರ ಮಾತು. ಅಡುಗೆಮನೆ ನೋಡಬಹುದಾ ಎಂದಳು. ಎಲ್ಲರೂ ಅಲ್ಲಿಗೆ ಬಂದರು. ನಿನ್ನ ಭಾವ ಮೆಷಿನ್ನಿನ ಮೇಲಿನ ಕಟ್ಟೆಗೆ ಕೈಯೂರಿಕೊಂಡು, ತಾವೇ ಹೆತ್ತವರಂತೆ ನಿಂತರು.

"ಮುಚ್ಚುಮರೆ ಏನಿಲ್ಲಮ್ಮ. ಮೊದಲು ಇಲ್ಲಿ ಸ್ವಲ್ಪ ವಾಸನೆ ಇರ್ತಿತ್ತು. ಈ ಮೆಷಿನ್ ಬಂದ್ಮೇಲೆ ನೋಡಿ, ಕನ್ನಡಿ ಥರ! ಹೆಂಗಸರ ಕೈಕೆಲಸ ಎಷ್ಟಂದ್ರೂ ಅಷ್ಟೇ ಅಲ್ವಾ?"

ಹುಡುಗಿಯ ತಾಯಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಬಿರಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಆಮೇಲೆ ಮುಚ್ಚಿಕೊಂಡಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು. ಗುಂಡಿ ಮುಚ್ಚಿದ್ದರು, ಮೇಲೆ ಹೊಸ ನೆಲ ಹಾಕಿಸಿದ್ದರು, ಈಗ ಆ ಕೊಳಕನ್ನೆಲ್ಲ ಶಾಶ್ವತವಾಗಿ ನನ್ನ ಹೆಸರಿಗೆ ಬರೆಯುತ್ತಿದ್ದರು. ನಾನು ಸುಮ್ಮನಿದ್ದರೆ ಸಾಯುವವರೆಗೂ ನಾನೇ ಆ ವಾಸನೆ.

"ಮೆಷಿನ್ನಿಂದ ಹೋಗಿಲ್ಲಮ್ಮ ಅದು" ಎಂದೆ. ಹುಡುಗಿಗೇ ಹೇಳಿದೆ, ಬೇರೆ ಯಾರನ್ನೂ ನೋಡಲಿಲ್ಲ. "ನೀನು ನಿಂತಿರೋ ಜಾಗದಲ್ಲಿ ಕೊಚ್ಚೆ ಗುಂಡಿ ಇತ್ತು. ನಮ್ಮ ಮಾವ ಕಟ್ಟಿಸಿದ್ದು, ನಮ್ಮನೆಯವ್ರು ಮುಚ್ಚಿಸಿದ್ದು. ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ನಾತ ನಂದು ಅಂತ ನನ್ನನ್ನ ನಂಬಿಸಿದ್ರು. ನಾಳೆ ಈ ಒಲೆ ಮುಂದೆ ನಿಲ್ಲೋಳು ನೀನು. ಕೇಳ್ಕೊಂಡು ನಿಲ್ಲು."

"ಏ, ತಲೆ ಕೆಟ್ಟಿದೆಯಾ?" ಎಂದರು ನಿನ್ನ ಭಾವ. ಮಾವನಿಗೆ ಮತ್ತೆ ಕಿವುಡು.

ಹುಡುಗಿ ಮೈದುನನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಾ?" ಎಂದಳು.

ಅವನಿಗೆ ಗೊತ್ತಿರಲಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಪೋಲಿ, ನಾಲಿಗೆ ಹರಿತ, ಆದರೂ ನಾನು ಉಣಿಸಿ ಬೆಳೆಸಿದವನು. ಗೊತ್ತಿಲ್ಲದವನಾಗಿದ್ದರೆ ಇಲ್ಲ ಅನ್ನಲು ಎಷ್ಟು ಹೊತ್ತು? ಅವನು ಏನು ಹೇಳಲಿ ಎಂಬಂತೆ ಅಣ್ಣನ ಮುಖ ನೋಡಿದ.

ಹುಡುಗಿ ಚೀಲ ಹೆಗಲಿಗೇರಿಸಿಕೊಂಡಳು. ಬಾಗಿಲ ಹತ್ತಿರ ನಿಂತು ನನಗೊಬ್ಬಳಿಗೇ, "ಬರ್ತೀನಿ ಅಕ್ಕ" ಎಂದಳು.

ರಾತ್ರಿ ಉದ್ದಕ್ಕೂ ಮನೆ ಮರ್ಯಾದೆ ಹರಾಜು ಹಾಕಿದೆ ಎಂದು ಬೈಗುಳ. ನಾನು ಪೆಟ್ಟಿಗೆ ತುಂಬುತ್ತಾ ಕೇಳಿಸಿಕೊಂಡೆ. ಶುಕ್ರವಾರದ ಬಸ್ಸಿಗೆ ಬರುತ್ತೇನೆ. ನೀನು ಲೋಟ ಮೂಸಿದ್ದಕ್ಕೆ ಬೈಯುವುದು ಬಾಕಿಯಿದೆ, ಅದನ್ನು ಕಾಗದದಲ್ಲಿ ಬೈದರೆ ನನಗೆ ತೃಪ್ತಿಯಾಗುವುದಿಲ್ಲ.

ನಿನ್ನ
ಅಕ್ಕ


ಜೂನ್ ೧೧

ನೀನು ಹೋಗಿ ಮೂರು ವಾರವಾಯಿತು. ತಂಗಿಯ ಮನೆಯಲ್ಲಿ ಎಷ್ಟು ದಿನವೆಂದು ಇರುತ್ತೀಯ? ನೋಡಿದವರು ಏನಂದಾರು? ನನಗೇನೂ ಸಿಟ್ಟಿಲ್ಲ, ಆದದ್ದು ಆಗಿಹೋಯಿತು.

ಇಲ್ಲಿ ಬಹಳ ತೊಂದರೆಯಾಗಿದೆ. ಹೋಟೆಲಿನಿಂದ ಊಟ ತರಿಸುತ್ತೇವೆ. ಆದರೆ ತಟ್ಟೆ, ಲೋಟ ಎಲ್ಲ ಸಿಂಕಿನಲ್ಲಿ ಹಾಗೇ ಬಿದ್ದು ಹುಳು ಬಿದ್ದಿವೆ. ಅಪ್ಪ ಅಡುಗೆಮನೆಗೆ ಕಾಲಿಡುತ್ತಿಲ್ಲ. ತಮ್ಮ ಮೂಗು ಮುಚ್ಚಿಕೊಂಡು ಹೊರಗೇ ತಿರುಗುತ್ತಾನೆ. ಮೆಷಿನ್ ಶುರು ಮಾಡೋಣವೆಂದರೆ ಅದರ ಮುಂದುಗಡೆ ಒಂದು ಸಾಲು ಗುಂಡಿಗಳಿವೆ, ಒಂದರ ಮೇಲೂ ಏನೂ ಬರೆದಿಲ್ಲ, ಬರೀ ಚಿತ್ರ. ಎಲ್ಲ ಒತ್ತಿದೆವು, ಕೆಂಪು ದೀಪ ಹತ್ತಿ ನಿಂತುಬಿಟ್ಟಿತು. ಯಾವ ಗುಂಡಿ ಎಂದು ನಿನಗೊಬ್ಬಳಿಗೇ ಗೊತ್ತು. ಪತ್ರ ಕಂಡ ಕೂಡಲೇ ತಿಳಿಸು.

ನಿನ್ನ ಯಜಮಾನ


ಜೂನ್ ೧೭

ಯಜಮಾನರಿಗೆ,

ನಿಮ್ಮ ಕಾಗದ ಬಂತು. ಯಾವ ಗುಂಡಿ ಎಂದು ನನಗೆ ಗೊತ್ತಿದೆ.

ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಹೇಗೆಂದು ನಿಮ್ಮಿಂದಲೇ ಕಲಿತಿದ್ದೇನೆ. ವಾಸನೆ ನಿಧಾನಕ್ಕೆ ಅಭ್ಯಾಸವಾಗುತ್ತದೆ.

ಪುಟ್ಟಿಯ ಅಕ್ಕ